ಗೋಕರ್ಣದ ಹಿತ್ತಾಳೆ ಅಂಗಡಿಯಲ್ಲಿ ಹನುಕ್ಕಾ ದೀಪ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಗೋಕರ್ಣದ ರಥಬೀದಿಯಲ್ಲಿ ಕಾಲುದೀಪ, ಗಂಟೆ, ಆರತಿತಟ್ಟೆ, ಪಂಚಪಾತ್ರೆ ಮಾರುವ ಅಂಗಡಿಗಳ ನಡುವೆ ಒಂದು ಅಂಗಡಿ ಯಹೂದಿಗಳ ಹಬ್ಬ-ವಿಧಿಗಳಿಗೆ ಬೇಕಾಗುವ ಸಾಮಾನಿಗೆಂದೇ ಒಂದು ಕಪಾಟು ಬಿಟ್ಟಿದೆ. ಕುಡ್ಲೆ, ಓಂ ಬೀಚಿಗೆ ಇಸ್ರೇಲಿನಿಂದ ಬರುವವರು ಬಹಳ. ಅವರು ಕೇಳಿ ಕೇಳಿ ಈ ಕಪಾಟು ತುಂಬಿದೆ. ಅದರಲ್ಲಿರುವುದು ಹನುಕ್ಕಾ ಎಂಬ ಯಹೂದಿಗಳ ಎಂಟು ರಾತ್ರಿಯ ದೀಪದ ಹಬ್ಬಕ್ಕೆ ಎರಡು ಬಗೆಯ ದೀಪ, ಶಿರಸಿ ಕಡೆಯ ಗುಡಿಗಾರರು ಕೆತ್ತಿದ, ವಿಧಿಯಲ್ಲಿ ಪರಿಮಳ ಮೂಸುವ ಮಸಾಲೆ ಡಬ್ಬಿ, ದ್ರಾಕ್ಷಾರಸದ ಲೋಟ, ಬಾಗಿಲಿಗೆ ಹೊಡೆಯುವ ಮೆಜೂಜಾ (ಧರ್ಮಗ್ರಂಥದ ಸಾಲು ಬರೆದ ಸುರುಳಿ) ಕೊಳವೆ. ಹೋಂಸ್ಟೇ ನಡೆಸುವವರು ಅತಿಥಿಗಳಿಗಾಗಿ ಇವನ್ನು ತಂದಿಡುತ್ತಾರೆ, ಬೇರೆ ಅಂಗಡಿಯವರು ನೋಡಿ ಇಂಥದೇ ಮಾಡಿಸುತ್ತಾರೆ. ಅವರಿಗೆಲ್ಲ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಗೋಡೆಗೆ ತೂಗುಹಾಕುವ ದೀಪವನ್ನು ಬೆಸುಗೆ, ಲ್ಯಾಕರ್ ನೋಡಿಕೊಂಡು ಧಾರಾಳವಾಗಿ ಕೊಳ್ಳಬಹುದು. ಒಂಬತ್ತು ಮೂತಿಯ ತಟ್ಟೆದೀಪ ಬೇಡ. ಡಬ್ಬಿಯನ್ನು ವಾರ್ನಿಷ್ ಹೊಡೆಯುವ ಮೊದಲೇ ಕೇಳಿ ತೆಗೆದುಕೊಳ್ಳಿ. ಲೋಟಕ್ಕೆ ಕಲಾಯಿ ಹಾಕಿಸದೆ ಬಳಸಬೇಡಿ.

ಬೇರೆ ಧರ್ಮದವರ ವಸ್ತುವನ್ನು ನಮ್ಮ ಕಂಚುಗಾರರು ಮಾಡುವುದು ಸರಿಯೇ ಎಂಬ ಹಿಂಜರಿಕೆ ಕೆಲವರಿಗಿದೆ. ಹಿಂಜರಿಯಬೇಕಾದ್ದೇನೂ ಇಲ್ಲ. 17-18ನೇ ಶತಮಾನದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್, ಆಗ್ಸ್‌ಬರ್ಗ್, ನ್ಯೂರೆಂಬರ್ಗ್ ಊರುಗಳಲ್ಲಿ ಅಕ್ಕಸಾಲಿಗರ ಸಂಘಗಳು ಯಹೂದಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಇಂದು ಮ್ಯೂಸಿಯಮ್ಮುಗಳಲ್ಲಿ ಕಾಣುವ ಆ ಕಾಲದ ಬೆಳ್ಳಿಯ ಹನುಕ್ಕಾ ದೀಪಗಳಲ್ಲಿ, ತೋರಾ ಎಂಬ ಧರ್ಮಗ್ರಂಥದ ಸುರುಳಿಯ ಅಲಂಕಾರಗಳಲ್ಲಿ ಬಹಳಷ್ಟು ಕ್ರೈಸ್ತ ಅಕ್ಕಸಾಲಿಗರ ಕೈಕೆಲಸ. ನಮ್ಮ ಕರಾವಳಿಗೂ ಈ ವ್ಯವಹಾರ ಹೊಸದಲ್ಲ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯಾ ಮೂಲದ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ ಲೋಹದ ಪಾತ್ರೆಗಳ ಕಾರ್ಖಾನೆ ನಡೆಸಿದ್ದ. ಯೆಮೆನಿನ ಏಡನ್ ಬಂದರಿನ ಗಿರಾಕಿಗಳು ಅವನಿಗೆ ಬರೆದ ಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗಿನ (ಯಹೂದಿಗಳ ಪ್ರಾರ್ಥನಾಮಂದಿರ) ಕಾಗದರಾಶಿಯಲ್ಲಿ ಉಳಿದುಬಂದಿವೆ. ಅವರು ಒಡೆದ ಪಾತ್ರೆ, ತಾಮ್ರ, ತವರ ಕಳಿಸಿ, ಇದನ್ನು ಕರಗಿಸಿ ಇಷ್ಟೇ ತೂಕದ ಹೂಜಿ ಮಾಡಿಕೊಡು ಎಂದು ಬರೆಯುತ್ತಿದ್ದರು. ಒಬ್ಬ ಗಿರಾಕಿಯಂತೂ ದೀಪದ ಕಂಬ ಎಂಟು ಮೂಲೆಯದಾಗಿರಬೇಕು, ಎರಡು ಬತ್ತಿಗೆ ಎರಡು ಮೂತಿ ಇರಬೇಕು, ಕಂಬ, ಪೀಠ, ದೀಪ ಮೂರನ್ನೂ ಬಿಡಿಬಿಡಿಯಾಗಿ ಕಳಚುವಂತಿರಬೇಕು ಎಂದು ವಿವರವಾಗಿ ಕೇಳಿದ್ದ. ಗೋಕರ್ಣದ ಈ ಅಂಗಡಿಗೂ ಅದೇ ರೀತಿಯಲ್ಲಿ ಆರ್ಡರ್ ಕೊಡಬೇಕು. ಅಳತೆ, ಲೆಕ್ಕ, ಕಾರಣ ಮೂರನ್ನೂ ಹೇಳಿದರೆ ಇಲ್ಲಿನ ಕೆಲಸ ಎಲ್ಲಿಯ ಕೆಲಸಕ್ಕೂ ಕಡಿಮೆಯಿಲ್ಲ. ಹೇಳದಿದ್ದರೆ ಕಂಚುಗಾರ ತನಗೆ ಗೊತ್ತಿರುವ ದೀಪವನ್ನೇ ಮಾಡುತ್ತಾನೆ. ಕಪಾಟಿನಲ್ಲಿರುವ ತಪ್ಪುಗಳೆಲ್ಲ ಹೀಗೇ ಆದವು.

ಮೊದಲು ಬೇಡವಾದ ದೀಪದ ವಿಷಯ. ತಟ್ಟೆದೀಪ ಎಂದರೆ ನಮ್ಮ ಕಾಲುದೀಪವೇ. ಐದು ಮೂತಿಯ ಬದಲು ಒಂಬತ್ತು ಮೂತಿ, ನಡುವೆ ಒಂದೇ ಎಣ್ಣೆಬಟ್ಟಲು, ತುದಿಯಲ್ಲಿ ಹಂಸದ ಬದಲು ಆರು ಮೂಲೆಯ ನಕ್ಷತ್ರ. ಎರಕ ಚೊಕ್ಕವಾಗಿದೆ, ಅರ ಹಾಕಿ ಉಜ್ಜಿದ್ದೂ ನುಣುಪಾಗಿದೆ. ನೋಡಲು ಚಂದ, ಆದರೆ ಹನುಕ್ಕಾಕ್ಕೆ ಒದಗುವುದಿಲ್ಲ. ಕ್ರಿ.ಪೂ. 164ರಲ್ಲಿ ಜೆರುಸಲೇಮಿನ ದೇವಾಲಯವನ್ನು ಮತ್ತೆ ಶುದ್ಧಮಾಡಿ ಪ್ರತಿಷ್ಠೆ ಮಾಡಿದ ನೆನಪಿನ ಹಬ್ಬ ಅದು. ಎಂಟು ರಾತ್ರಿ, ಮೊದಲ ರಾತ್ರಿ ಒಂದು ದೀಪ, ಎರಡನೆಯ ರಾತ್ರಿ ಎರಡು, ಹೀಗೆ ಏರುತ್ತ ಹೋಗುತ್ತದೆ. ದಾರಿಯಲ್ಲಿ ಹೋಗುವವರಿಗೆ ಇವತ್ತು ಎಷ್ಟನೆಯ ರಾತ್ರಿ ಎಂದು ಎಣಿಸಲು ಬರಬೇಕು. ಒಂದೇ ಬಟ್ಟಲಿನ ಸುತ್ತ ಬತ್ತಿಗಳನ್ನಿಟ್ಟು ಹಚ್ಚಿದರೆ ಜ್ವಾಲೆಗಳು ಕೂಡಿ ಬೆಂಕಿಯ ರಾಶಿಯಂತೆ ಕಾಣುತ್ತವೆ, ಅದು ಒಂದು ದೀಪದ ಲೆಕ್ಕಕ್ಕೂ ಬರುವುದಿಲ್ಲ ಎಂದು ಯಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮೂದಿನಲ್ಲೇ ಹೇಳಿದೆ. ಬತ್ತಿಗಳ ನಡುವೆ ಅಡ್ಡಪಟ್ಟಿ ಬೆಸೆದುಕೊಡುತ್ತೇವೆ ಎಂದು ಅಂಗಡಿಯವರು ಹೇಳುತ್ತಾರೆ. ಎಂಟು ಜ್ವಾಲೆ ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ ಇರುವುದೇ ರೂಢಿಯಾದ್ದರಿಂದ ಈ ರಿಪೇರಿಗೆ ಹಣ ಹಾಕುವುದು ದಂಡ. ಇದೇ ದೀಪವನ್ನು ಕಾರ್ತಿಕದಲ್ಲಿ ತುಳಸಿಕಟ್ಟೆಯ ಮುಂದೆ ಹಚ್ಚಲು ಧಾರಾಳವಾಗಿ ಕೊಳ್ಳಬಹುದು.

ಕಪಾಟಿನ ಮೇಲಿನ ಸಾಲಿನಲ್ಲಿರುವ ಏಳು ಕವಲಿನ ದೀಪವನ್ನೂ ಹನುಕ್ಕಾ ದೀಪವೆಂದೇ ಮಾರುತ್ತಾರೆ. ಏಳು ಕವಲಿನದು ಪ್ರಾಚೀನ ದೇವಾಲಯದ ಮೆನೋರಾ. ರೋಮಿನ ಟೈಟಸ್ ಕಮಾನಿನ ಮೇಲೆ ಸೈನಿಕರು ಹೊತ್ತೊಯ್ಯುವಂತೆ ಕೆತ್ತಿರುವುದು, ಇಸ್ರೇಲಿನ ಲಾಂಛನದಲ್ಲಿರುವುದು ಅದೇ. ಮೇಜಿನ ಮೇಲೆ ಅಲಂಕಾರಕ್ಕೆ ಇಡಬಹುದು, ಹಬ್ಬಕ್ಕೆ ಆಗುವುದಿಲ್ಲ. ಹಬ್ಬಕ್ಕೆ ಎಂಟು, ಜೊತೆಗೆ ಶಮಾಷ್ ಎಂಬ ಒಂದು ಸೇವಕದೀಪ. ಹಬ್ಬದ ದೀಪದ ಬೆಳಕಿನಲ್ಲಿ ಓದುವುದು, ಕೆಲಸ ಮಾಡುವುದು ಕೂಡದು. ಕಣ್ಣಿಗೆ ಬೀಳುವ ಬೆಳಕು ಈ ಒಂಬತ್ತನೆಯದರಿಂದ ಬಂತು ಎನ್ನುವ ಸಲುವಾಗಿ ಅದನ್ನು ಸಾಲಿನಿಂದ ಮೇಲಕ್ಕೋ ಪಕ್ಕಕ್ಕೋ ಇಡುತ್ತಾರೆ. ಕೊಳ್ಳುವಾಗ ಒಂಬತ್ತು ಇವೆಯೇ ಎಂದು ಎಣಿಸಿದರೆ ಸಾಲದು. ಒಂದು ಬೇರೆಯಾಗಿ ನಿಂತಿದೆಯೇ ಎಂದೂ ನೋಡಿ.

ಈಗ ಗೋಡೆದೀಪ. ಈ ಅಂಗಡಿಯ ಹೆಸರು ಉಳಿಸುವ ವಸ್ತು ಇದು. ಉದ್ದ 32 ಸೆಂ.ಮೀ., ಎತ್ತರ 24 ಸೆಂ.ಮೀ., ತೂಕ 1,850 ಗ್ರಾಂ. ಹಿಂದೆ ಹಲಗೆಯಂತೆ ನಿಂತ ಹಿತ್ತಾಳೆ ತಗಡು, ಅದರ ಬುಡದಲ್ಲಿ ಎಂಟು ಬಿಡಿ ಬಟ್ಟಲು, ಬಲಗಡೆ ಮೇಲ್ಭಾಗದಲ್ಲಿ ಮುಂದಕ್ಕೆ ಚಾಚಿದ ತೋಳಿನ ಮೇಲೆ ಶಮಾಷ್. ಹನುಕ್ಕಾ ದೀಪದ ಹಳೆಯ ರೂಪವೂ ಇದೇ. ಬಾಗಿಲ ಬಳಿ, ಮೆಜೂಜಾದ ಎದುರು ಬದಿಯಲ್ಲಿ ತೂಗುಹಾಕಬೇಕಾದ್ದರಿಂದ ಹಿಂಬದಿ ತಗಡು ಬಂತು. ಕವಲುಗಳಿರುವ ನಿಲುದೀಪ ಮೊದಲು ಸಿನಗಾಗಿನಲ್ಲಿತ್ತು, ಮನೆಗಳಿಗೆ ಬಂದದ್ದು ಆಮೇಲೆ. ತಗಡಿನ ಮೇಲೆ ಕಿರೀಟದ ಎರಡೂ ಬದಿಗೆ ಎರಡು ಸಿಂಹ, ಸುತ್ತ ದ್ರಾಕ್ಷಿಬಳ್ಳಿ. ಯಹೂದಿ ಕಲೆಯಲ್ಲಿ ಶತಮಾನಗಳಿಂದ ಇರುವ ವಿನ್ಯಾಸವಿದು, ಪೋಲೆಂಡಿನ ದೀಪಗಳಲ್ಲೂ ಕಾಣಸಿಗುತ್ತದೆ. ಇಲ್ಲಿನ ಸಿಂಹಗಳಿಗೆ ಮಾತ್ರ ದೇವಸ್ಥಾನದ ಪ್ರಭಾವಳಿಯ ಸಿಂಹದ ಉಬ್ಬುಗಣ್ಣು, ಸುರುಳಿ ಕೇಸರ. ಕಂಚುಗಾರ ಫೋಟೋ ನೋಡಿ ನಕಲು ಮಾಡದೆ ತನ್ನ ಕೈಗೆ ಒಗ್ಗಿದ ಸಿಂಹವನ್ನೇ ಎರೆದಿದ್ದಾನೆ. ಅದರಿಂದಲೇ ಈ ದೀಪಕ್ಕೊಂದು ಕಳೆ ಬಂದಿದೆ.

ಬಟ್ಟಲುಗಳನ್ನು ಅಳೆದು ನೋಡಿದೆವು. ಒಳವ್ಯಾಸ 26 ಮಿ.ಮೀ., ಆಳ 20 ಮಿ.ಮೀ., ಅಂದರೆ 10 ಮಿ.ಲೀ. ಎಣ್ಣೆ ಹಿಡಿಯುತ್ತದೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 38 ಮಿ.ಮೀ. ಈ ಅಂತರ ಸರಿಯಾಗಿದೆ, ಜ್ವಾಲೆಗಳು ಕೂಡುವುದಿಲ್ಲ, ಮೇಣದಬತ್ತಿ ಹಚ್ಚಿದರೂ ಪಕ್ಕದ್ದು ಬಾಗುವುದಿಲ್ಲ. ಕತ್ತಲಾದ ಮೇಲೆ ದೀಪ ಕಡಿಮೆಯೆಂದರೆ ಅರ್ಧ ಗಂಟೆ ಉರಿಯಬೇಕು. ಶುಕ್ರವಾರ ಮಾತ್ರ ಸೂರ್ಯ ಮುಳುಗುವ ಮೊದಲೇ, ಶಬ್ಬಾತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿಯ ದಿನ) ದೀಪಕ್ಕಿಂತ ಮುಂಚೆ ಹಚ್ಚುವುದರಿಂದ ಒಂದೂವರೆ ಗಂಟೆಗೆ ಸಾಲುವಷ್ಟು ಎಣ್ಣೆ ಬೇಕು. ತೆಳು ಹೂಬತ್ತಿ ಇಟ್ಟು ಬಟ್ಟಲು ತುಂಬಿದರೆ ಆ ಹೊತ್ತು ದಾಟಿ ಉರಿಯುತ್ತದೆ. ದಪ್ಪ ಬತ್ತಿಯಿಟ್ಟರೆ ಎಣ್ಣೆ ಬೇಗ ಮುಗಿದು ತಗಡಿಗೆ ಮಸಿ ಹತ್ತುತ್ತದೆ. ಹಚ್ಚುವ ಹೊತ್ತಿಗೇ ಪೂರ್ತಿ ಎಣ್ಣೆ ಇರಬೇಕು, ಹಚ್ಚಿಯಾದ ಮೇಲೆ ಸುರಿದು ಲೆಕ್ಕ ಭರ್ತಿ ಮಾಡುವಂತಿಲ್ಲ. ಕೇಕಿನ ಮೇಲಿಡುವ ಸಣ್ಣ ಬತ್ತಿ ಅರ್ಧ ಗಂಟೆ ಬರುವುದಿಲ್ಲ, ಅದನ್ನು ಕೊಡಬೇಡಿ.

ಆಲಿವ್ ಎಣ್ಣೆ ಶ್ರೇಷ್ಠ ಎನ್ನುತ್ತಾರೆ. ಬೇರೆ ಎಣ್ಣೆಗೂ ಅಡ್ಡಿಯಿಲ್ಲ, ತೆಂಗಿನೆಣ್ಣೆ ಚೆನ್ನಾಗಿ ನಡೆಯುತ್ತದೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕುಮಟಾ, ಗೋಕರ್ಣ, ಕಾರವಾರದ ಸಂಜೆಗೆ ತೊಂದರೆಯಾಗದು. ಘಟ್ಟದ ಮೇಲೆ ಶಿರಸಿ, ಯಲ್ಲಾಪುರದಲ್ಲಿ ಡಿಸೆಂಬರಿನ ಚಳಿಗೆ ಬತ್ತಿ ಎಣ್ಣೆ ಎಳೆಯದೆ ಆರುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಸುರಿಯಿರಿ, ಇಲ್ಲವೇ ಎಳ್ಳೆಣ್ಣೆ ಬಳಸಿ.

ಹಚ್ಚುವ ಕ್ರಮ ಹೀಗೆ: ದೀಪಕ್ಕೆ ಎದುರಾಗಿ ನಿಂತಾಗ ಮೊದಲ ರಾತ್ರಿಯ ದೀಪ ಬಲತುದಿಯಲ್ಲಿ. ಮಾರನೆಯ ದಿನ ಅದರ ಎಡಕ್ಕೆ ಇನ್ನೊಂದು ಸೇರುತ್ತದೆ. ಹಚ್ಚುವಾಗ ಆ ದಿನ ಹೊಸದಾಗಿ ಸೇರಿದ್ದನ್ನು ಮೊದಲು ಹಚ್ಚಿ ಬಲಕ್ಕೆ ಸರಿಯಬೇಕು. ಎಂಟು ರಾತ್ರಿಗೆ ಹಬ್ಬದ ದೀಪ 36, ದಿನಕ್ಕೊಂದರಂತೆ ಶಮಾಷ್ 8, ಒಟ್ಟು 44 ಬತ್ತಿ ಬೇಕು. ಅತಿಥಿಗಳಿಗೆ ಕಟ್ಟಿಕೊಡುವವರು 50 ಹೂಬತ್ತಿ, 450 ಮಿ.ಲೀ. ಎಣ್ಣೆ ಇಟ್ಟರೆ ಕೊರತೆ ಬೀಳುವುದಿಲ್ಲ.

ಈ ದೀಪದಲ್ಲೂ ಕೊರೆ ಇಲ್ಲವೆಂದಲ್ಲ. ಶಮಾಷಿನ ತೋಳನ್ನು ಕೆಲವು ದೀಪಗಳಲ್ಲಿ ತವರದ ಬೆಸುಗೆಯಿಂದ ಕೂರಿಸಿದ್ದಾರೆ. ಅದು 200 ಡಿಗ್ರಿಯೊಳಗೇ ಮೆತ್ತಗಾಗುತ್ತದೆ, ಜ್ವಾಲೆಯ ಶಾಖಕ್ಕೆ ತೋಳು ಜಾರಿ ಉರಿಯುವ ಎಣ್ಣೆ ಸಮೇತ ಕೆಳಗೆ ಬಿದ್ದರೆ ಅನಾಹುತ. ಜೋಡಣೆಯ ಸುತ್ತ ಬಿಳಿಬೂದು ಗೆರೆ ಕಂಡರೆ ತವರ, ಹಳದಿ ಗೆರೆಯಾದರೆ ಹಿತ್ತಾಳೆ ಬೆಸುಗೆ. ಹಳದಿಯದನ್ನೇ ಆರಿಸಿ, ಅಥವಾ ರಿವೆಟ್ ಹೊಡೆಸಿ. ಎರಡನೆಯದು ಲ್ಯಾಕರ್. ಉಪ್ಪುಗಾಳಿಗೆ ಹಿತ್ತಾಳೆ ಬೇಗ ಮಾಸುತ್ತದೆಂದು ಅಂಗಡಿಯವರು ಎಲ್ಲಕ್ಕೂ ಲ್ಯಾಕರ್ ಹೊಡೆಯುತ್ತಾರೆ. ಬಟ್ಟಲಿನ ಅಂಚಿನಲ್ಲಿ ಅದು ಮೊದಲ ದಿನವೇ ಸುಟ್ಟು ಕಪ್ಪು ಕಲೆಯಾಗಿ ಕೂರುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಲ್ಯಾಕರ್ ಇಲ್ಲದ್ದು ಬೇಕೆಂದರೆ ಒಳಗಿನಿಂದ ತಂದುಕೊಡುತ್ತಾರೆ. ಹುಣಸೆಹಣ್ಣು, ಬೂದಿಯಲ್ಲಿ ತೊಳೆಯಿರಿ, ಆದರೆ ಹುಳಿ ಹಚ್ಚಿ ಹಾಗೇ ಬಿಡಬೇಡಿ. ಹುಳಿಯ ಹತ್ತಿರ ಬಹಳ ಹೊತ್ತು ಇದ್ದರೆ ಹಿತ್ತಾಳೆಯ ಸತು ಕರಗಿ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಟಿದ ಮೇಣವನ್ನು ಚಾಕುವಿನಿಂದ ಕೆರೆಯದೆ ಬಿಸಿನೀರಿಗೆ ಹಾಕಿ ತೆಗೆಯಿರಿ.

ತೂಗುಹಾಕುವ ಗೋಡೆ ಚಿರೇಕಲ್ಲಿನದಾದರೆ ಸಣ್ಣ ಮೊಳೆ ನಿಲ್ಲುವುದಿಲ್ಲ, ಕಲ್ಲು ಪುಡಿಯಾಗಿ ಸಡಿಲಾಗುತ್ತದೆ. ಉದ್ದದ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿ. ಜ್ವಾಲೆ ನೆಲದಿಂದ ಸುಮಾರು 24 ಸೆಂ.ಮೀ.ಗಿಂತ ಮೇಲೆ, 80 ಸೆಂ.ಮೀ.ಗಿಂತ ಕೆಳಗೆ ಇರುವುದು ಉತ್ತಮ ಎಂಬ ನಿಯಮವಿದೆ. ಕಿಟಕಿಯಲ್ಲಿಡುವ ರೂಢಿಯೂ ಇದೆ. ಸಮುದ್ರದ ಕಡೆ ಮುಖಮಾಡಿದ ಗುಡಿಸಲಿನ ಜಗಲಿಯಲ್ಲಿ ಮಾತ್ರ ಬರಿದೀಪ ಇಡಿಸಬೇಡಿ. ಸರಿಯಾದ ಜಾಗದಲ್ಲಿ ಹಚ್ಚಿದ ದೀಪ ತಾನಾಗಿ ಆರಿದರೆ ಮತ್ತೆ ಹಚ್ಚಲೇಬೇಕೆಂದಿಲ್ಲ. ಗಾಳಿ ಬೀಸುವ ಕಡೆ ಇಟ್ಟು ಆರಿದರೆ ಅದು ಹಚ್ಚಿದ ಲೆಕ್ಕಕ್ಕೇ ಇಲ್ಲ. ಜೆರುಸಲೇಮಿನಲ್ಲಿ ಮನೆಯ ಹೊರಗಿಡುವ ದೀಪಕ್ಕೆ ಗಾಜಿನ ಪೆಟ್ಟಿಗೆ ಮಾಡಿಸುತ್ತಾರೆ. ಇಲ್ಲೂ 40 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರದ ಗಾಜಿನ ಪೆಟ್ಟಿಗೆಯನ್ನು ಯಾವ ಫೋಟೋ ಫ್ರೇಮ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ಮೇಲೆ ಹೊಗೆ ಹೋಗಲು ಕಿಂಡಿ, ಕೆಳಗೆ ಗಾಳಿಗೆ ಎರಡು ತೂತು ಬಿಡಿಸಿ.

ಮಸಾಲೆ ಡಬ್ಬಿ ಈ ಕಪಾಟಿನ ಎರಡನೆಯ ಹೆಮ್ಮೆ. ಶನಿವಾರ ರಾತ್ರಿ ನಕ್ಷತ್ರ ಮೂಡಿದ ಮೇಲೆ ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾ ವಿಧಿಯಲ್ಲಿ ದ್ರಾಕ್ಷಾರಸ, ಪರಿಮಳ, ಹಲವು ಬತ್ತಿ ಹೆಣೆದ ಮೇಣದದೀಪ ಮೂರೂ ಬೇಕು. ಪರಿಮಳದ ಡಬ್ಬಿಯನ್ನು ಮಂತ್ರ ಹೇಳಿ ಮೂಸಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಯುರೋಪಿನಲ್ಲಿ ಇದಕ್ಕೆ ಬೆಳ್ಳಿಯ ಗೋಪುರದ ಆಕಾರ ಬಂತು, ಬಾಗಿಲು, ಕಿಟಕಿ, ತುದಿಯಲ್ಲಿ ಬಾವುಟ ಸಮೇತ. ಇಲ್ಲಿಯದು ಶಿವನೆ ಮರದಲ್ಲಿ ಕೆತ್ತಿದ, 14 ಸೆಂ.ಮೀ. ಎತ್ತರದ ಮಂಟಪ. ನಾಲ್ಕು ಗೋಡೆಗೂ ಜಾಲಂಧ್ರ, ಅದರ ಸಂದಿನಲ್ಲಿ ದಾಳಿಂಬೆ ಕಾಯಿ, ಎಲೆ, ಹಕ್ಕಿ. ಜಾಲಂಧ್ರದ ಕಡ್ಡಿ ಎರಡು ಮಿ.ಮೀ. ದಪ್ಪ ಮಾತ್ರ, ಆದರೂ ಎಲ್ಲೂ ಸೀಳಿಲ್ಲ. ಮರದ ನಾರು ಕಡ್ಡಿಯ ಉದ್ದಕ್ಕೆ ಬರುವಂತೆ ಹಲಗೆ ಆರಿಸಿ ಕೆತ್ತಿದ್ದಾರೆ. ಗುಡಿಗಾರರ ಮನೆತನದ ಉಳಿಗೆ ಬಳ್ಳಿ, ಹಕ್ಕಿ, ಹಣ್ಣು ಸಲೀಸು, ಯಹೂದಿ ವಸ್ತುಗಳಿಗೂ ಬೇಕಾದ್ದು ಅವೇ. ದಾಳಿಂಬೆಯಂತೂ ತೋರಾ ಸುರುಳಿಯ ಕೋಲುಗಳ ತುದಿಗೆ ತೊಡಿಸುವ ಬೆಳ್ಳಿ ಆಭರಣದ ಹಳೆಯ ಆಕಾರ. ಒಂದೇ ಎಚ್ಚರಿಕೆ: ಅದೇ ಕಪಾಟಿನಲ್ಲಿ ಮುಚ್ಚಳದ ಮೇಲೆ ಗಜಲಕ್ಷ್ಮಿ ಇರುವ ಡಬ್ಬಿಗಳೂ ಇವೆ. ಅವು ಕುಂಕುಮಕ್ಕೆ ಮಾಡಿದವು, ಇದಕ್ಕೆ ಕೊಡಬಾರದು.

ಗಂಧದ ಮರದಲ್ಲೂ ಇದೇ ಡಬ್ಬಿ ಮಾಡಿಕೊಡುತ್ತಾರೆ, ಬೆಲೆ ಹಲವು ಪಟ್ಟು. ನಮ್ಮ ಸಲಹೆ ಶಿವನೆಯೇ. ಗಂಧದ ವಾಸನೆ ಒಳಗಿನ ಲವಂಗವನ್ನು ಮುಚ್ಚಿಬಿಡುತ್ತದೆ, ಮೂಸಿದವರಿಗೆ ಡಬ್ಬಿಯ ವಾಸನೆಯೇ ಮೊದಲು ಬರುತ್ತದೆ. ವಾರ್ನಿಷ್ ಇನ್ನೂ ಕೆಟ್ಟದ್ದು, ಮರಕ್ಕೆ ಹಿಡಿದ ಆ ನಾತ ವರ್ಷವಾದರೂ ಬಿಡದು. ಹೊರಮೈಗೆ ಬೇಕಿದ್ದರೆ ತೆಳುವಾಗಿ ಜೇನುಮೇಣ ತಿಕ್ಕಿಸಿ, ಒಳಗೆ ಏನೂ ಬೇಡ. ತುಂಬುವುದಕ್ಕೆ ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಲವಂಗ, ದಾಲ್ಚಿನ್ನಿ, ಏಲಕ್ಕಿ ಇರುವಾಗ ಬೇರೆ ಎಲ್ಲಿಗೂ ಹೋಗಬೇಕಿಲ್ಲ. ಲವಂಗ ಎರಡು ಚಮಚೆ, ಬೆರಳುದ್ದದ ದಾಲ್ಚಿನ್ನಿ ಮುರಿದು ಎರಡು, ಏಲಕ್ಕಿ ಐದಾರು ಸಿಪ್ಪೆ ಸಮೇತ ಜಜ್ಜಿ. ಪುಡಿ ಮಾಡಬೇಡಿ, ಪುಡಿಯಾದರೆ ಏಲಕ್ಕಿಯ ಪರಿಮಳ ಕೆಲವೇ ದಿನದಲ್ಲಿ ಹಾರಿಹೋಗುತ್ತದೆ, ಜಾಲಂಧ್ರದಿಂದ ಉದುರುತ್ತದೆ ಕೂಡ. ಮಳೆಗಾಲದಲ್ಲಿ ಒಳಗಿರುವುದನ್ನು ತೆಗೆದು ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಂಥ ಬೆಚ್ಚನೆ ಜಾಗದಲ್ಲಿಡಿ, ಇಲ್ಲದಿದ್ದರೆ ಬೂಷ್ಟು ಖಂಡಿತ.

ಶಬ್ಬಾತ್, ಹಬ್ಬಗಳಲ್ಲಿ ದ್ರಾಕ್ಷಾರಸದ ಮೇಲೆ ಮಂತ್ರ ಹೇಳುವ ಕಿದ್ದುಷ್ ವಿಧಿಯ ಲೋಟ ಸಾಧಾರಣ. ಹಿತ್ತಾಳೆ ತಗಡಿನಿಂದ ಬಡಿದದ್ದು, ಗಿಡ್ಡ ಕಾಲು, ಅಂಚಿನವರೆಗೆ 140 ಮಿ.ಲೀ. ಕಡಿಮೆಯೆಂದರೆ 86 ಮಿ.ಲೀ. ಹಿಡಿಯಬೇಕು ಎಂಬುದು ಹೆಚ್ಚಿನವರ ಲೆಕ್ಕ, ಅದಕ್ಕೆ ಸಾಕು. ಕಟ್ಟುನಿಟ್ಟಿನವರು 150 ಮಿ.ಲೀ. ಕೇಳುತ್ತಾರೆ, ಅವರಿಗೆ ಸಾಲದು. ಅಚ್ಚನ್ನು ಒಂದಿಷ್ಟು ಅಗಲ ಮಾಡಿದರೆ ಎರಡೂ ಕಡೆಯವರಿಗೆ ಒದಗುತ್ತದೆ. ಇದನ್ನು ಅಂಗಡಿಯವರು ಇಷ್ಟರಲ್ಲೇ ಮಾಡಬೇಕು. ದ್ರಾಕ್ಷಾರಸ ಹುಳಿ, ಬರಿ ಹಿತ್ತಾಳೆಯಲ್ಲಿ ಸುರಿದರೆ ಕಿಲುಬು ಏಳುತ್ತದೆ. ಒಳಗೆ ಕಲಾಯಿ ಬೇಕೇಬೇಕು. ಕಲಾಯಿಯವನು ನವಸಾಗರ ಹಾಕಿ ಶುದ್ಧ ತವರವನ್ನೇ ಉಜ್ಜಿದ್ದಾನೆಯೇ ನೋಡಿ, ಬಿಳಿಬಟ್ಟೆಯಿಂದ ತಿಕ್ಕಿದಾಗ ಕಪ್ಪು ಹತ್ತಬಾರದು. ಇದೇ ಉತ್ಸಾಹದಲ್ಲಿ ದೀಪದ ಬಟ್ಟಲಿಗೂ ಕಲಾಯಿ ಹಾಕಿಸಬೇಡಿ, ತವರ 232 ಡಿಗ್ರಿಗೆ ಕರಗುತ್ತದೆ.

ಮೆಜೂಜಾ ಕೊಳವೆಯಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಕೊಳವೆ ಬರೀ ಹೊದಿಕೆ. ಒಳಗಿರುವ ಚರ್ಮದ ಸುರುಳಿಯೇ ಮೆಜೂಜಾ: ತರಬೇತಾದ ಲಿಪಿಕಾರ ಕೈಯಲ್ಲಿ ಬರೆದ 22 ಸಾಲು, 713 ಅಕ್ಷರ, ತೋರಾದ ಎರಡು ಭಾಗ. ಅಂಗಡಿಯಲ್ಲಿ ಕೊಳವೆಯೊಳಗೆ ಮುದ್ರಿಸಿದ ಕಾಗದ ಸುತ್ತಿ ಕೊಡುತ್ತಾರೆ. ಕಾಗದ ತೆಗೆದು ಬರಿ ಕೊಳವೆ ಮಾರುವುದೇ ಪ್ರಾಮಾಣಿಕ ಕೆಲಸ. ಒಳಗಿನ ಉದ್ದ 9 ಸೆಂ.ಮೀ. ಮಾತ್ರ ಇರುವುದೂ ತೊಂದರೆಯೇ. ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವ 10 ಸೆಂ.ಮೀ. ಸುರುಳಿ ಹಿಡಿಸುವುದಿಲ್ಲ, ಮಡಚಿದರೆ ಅಕ್ಷರ ಬಿರಿದು ಸುರುಳಿ ಕೆಡುತ್ತದೆ. 11 ಸೆಂ.ಮೀ. ಮಾಡಿಸಿ. ಒಳಬರುವಾಗ ಬಲಗಡೆಯ ಬಾಗಿಲಕಂಬದಲ್ಲಿ, ಎತ್ತರದ ಮೇಲಿನ ಮೂರನೆಯ ಒಂದು ಭಾಗದ ಬುಡಕ್ಕೆ ಬರುವಂತೆ, ಮೇಲೊಂದು ಕೆಳಗೊಂದು ಸ್ಕ್ರೂ ಹಾಕಿ ಕೂರಿಸುತ್ತಾರೆ. ಮಧ್ಯ ಮತ್ತು ಪೂರ್ವ ಯುರೋಪ್ ಮೂಲದವರು ಓರೆಯಾಗಿ, ಸ್ಪೇನ್ ಮತ್ತು ಪೂರ್ವ ದೇಶಗಳ ಮೂಲದವರು ನೆಟ್ಟಗೆ. ಉಪ್ಪುಗಾಳಿಗೆ ಎರಡು ಬದಿಯ ಟೇಪ್ ಬಿಟ್ಟುಕೊಳ್ಳುತ್ತದೆ. ಇಲ್ಲಿನ ತೇವಕ್ಕೆ ಸುರುಳಿಯನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿಡಲೇಬೇಕು. ಏಳು ವರ್ಷಕ್ಕೆ ಎರಡು ಸಲ ತೆಗೆದು ಪರೀಕ್ಷಿಸುವ ನಿಯಮವಿದೆ, ಕರಾವಳಿಯಲ್ಲಿ ಅದಕ್ಕಿಂತ ಬೇಗ ನೋಡುವುದು ಕ್ಷೇಮ. ತಿಂಗಳೊಳಗೆ ಹೊರಡುವ ಬಾಡಿಗೆ ಅತಿಥಿಗೆ ಮೆಜೂಜಾ ಕಡ್ಡಾಯವಲ್ಲ, ಹೋಂಸ್ಟೇಯವರು ಚಿಂತಿಸಬೇಕಿಲ್ಲ.

ಹೀಬ್ರೂ ಅಕ್ಷರಗಳ ಬಗ್ಗೆ ಒಂದು ಮಾತು. ಎರಕದ ವಸ್ತುಗಳ ಮೇಲಿನ ಅಕ್ಷರಗಳು ಕೆಲವು ಕಡೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿವೆ. ಅಚ್ಚಿನಲ್ಲಿ ನೇರ ಬರೆದು ಎರೆದರೆ ಹೀಗಾಗುತ್ತದೆ. ದಾಲೆತ್ ಅಕ್ಷರದ ಬಲ ಮೇಲ್ಮೂಲೆ ಚೂಪು, ರೇಶಿನದು ದುಂಡು. ಅರ ಜಾಸ್ತಿ ಉಜ್ಜಿದರೆ ದಾಲೆತ್ ಹೋಗಿ ರೇಶ್ ಆಗುತ್ತದೆ. ಓದಬಲ್ಲ ಗಿರಾಕಿಗೆ ತೋರಿಸಿ ಸರಿಯೆನಿಸಿಕೊಂಡು ಆಮೇಲೆ ಅಚ್ಚು ಕಟ್ಟಿಸಿ. ಅಕ್ಷರವೇ ಇಲ್ಲದ ವಸ್ತು ತಪ್ಪಕ್ಷರದ ವಸ್ತುವಿಗಿಂತ ಸಾವಿರ ಪಾಲು ಮೇಲು.

ಬೆಲೆ: ಗೋಡೆದೀಪ 3,400 ರೂಪಾಯಿ, ತಟ್ಟೆದೀಪ 1,900, ಶಿವನೆ ಡಬ್ಬಿ 1,600, ಲೋಟ 750, ಕಲಾಯಿಗೆ 150 ಬೇರೆ, ಕೊಳವೆ 350. ಗೋಡೆದೀಪಕ್ಕೂ ಡಬ್ಬಿಗೂ ಚೌಕಾಶಿ ಮಾಡಬೇಡಿ, ಮೇಣದ ಅಚ್ಚಿನ ಕೆಲಸಕ್ಕೂ ಉಳಿಯ ಕೆಲಸಕ್ಕೂ ಆ ಹಣ ಕಡಿಮೆಯೇ. ಹನುಕ್ಕಾ ಕೂಡ ದೀಪಾವಳಿಯಂತೆ ಅಮಾವಾಸ್ಯೆಯ ಆಸುಪಾಸಿನ ಹಬ್ಬ, ದೀಪಾವಳಿ ಕಳೆದು ಒಂದೆರಡು ತಿಂಗಳಿಗೆ ಬರುತ್ತದೆ. ದೀಪಾವಳಿ ಮುಗಿಯುವವರೆಗೆ ಕಂಚುಗಾರರಿಗೆ ಬಿಡುವಿಲ್ಲ. ಅಳತೆ ಬದಲಿಸಿ ಮಾಡಿಸುವವರು ಚೌತಿ ಹಬ್ಬದ ಹೊತ್ತಿಗೇ ಅಂಗಡಿಯವರಿಗೆ ಹೇಳಿ, ಬಟ್ಟಲಿನ ವ್ಯಾಸ, ಆಳ, ಅಂತರ, ಬೆಸುಗೆಯ ಬಗೆ ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ.